ಪದ ಹೊಂದಿದ್ರೆ ಸಾಕಾಗಲ್ಲ: ಸರಣಿ ಆರಾಧನೆಗೆ ಹಾಡು ಆರಿಸೋ ಕೆಲಸ

(ಕ್ವಾಯರ್ ಮತ್ತು ವರ್ಷಿಪ್ ಟೀಮ್‌ನವರ ಮುಂದೆ ಮಾತಾಡಿದ್ದನ್ನ ಬರೆದು ಹಾಕ್ತಿದೀನಿ. ಮಧ್ಯೆ ಮಧ್ಯೆ ಹಾಡಿ ತೋರಿಸಿದ್ದು ಬರಹದಲ್ಲಿ ಬರಲ್ಲ, ಅದು ನಿಮ್ಮ ಪುಣ್ಯ.)

ನಾನೇ ಕೆಡಿಸಿದ ಒಂದು ಸರಣಿಯಿಂದ (ಒಂದೇ ವಿಷಯದ ಮೇಲೆ ಚರ್ಚಲ್ಲಿ ಕೆಲವು ವಾರ ಸಾಲಾಗಿ ನಡೆಯೋ ಆರಾಧನೆ) ಶುರು ಮಾಡ್ತೀನಿ. ವಿಷಯ "ಬೆಳಕು", ನಾಲ್ಕು ವಾರ. ಆಗ ನನಗೆ ಹಾಡು ಆರಿಸೋದು ಅಂದ್ರೆ ಏನಪ್ಪಾ ಅಂದ್ರೆ, ಹಾಡಿನ ಪುಸ್ತಕದ ಕೊನೇಲಿರೋ ವಿಷಯಸೂಚಿ ತೆಗಿ, ಆಮೇಲೆ ಮೊಬೈಲಲ್ಲಿ "ಬೆಳಕು", "ಜ್ಯೋತಿ", "ದೀಪ" ಅಂತ ಸರ್ಚ್ ಕೊಡು, ಬಂದಿದ್ದನ್ನೆಲ್ಲ ವಾರಕ್ಕೆ ಐದರ ಹಾಗೆ ಹಂಚಿಬಿಡು. ಇಪ್ಪತ್ತು ಹಾಡು ಸಿಕ್ತು, ಲಿಸ್ಟ್ ನೋಡಿ ನನಗೇ ಖುಷಿ. ನಾಲ್ಕನೇ ವಾರ ಮೂರನೇ ಹಾಡು ಶುರು ಆಗೋ ಮುಂಚೆ ಕೀಬೋರ್ಡ್ ನುಡಿಸೋ ಹುಡುಗ ಪಕ್ಕಕ್ಕೆ ವಾಲಿ "ಅಣ್ಣಾ, ಇದು ಹೋದ ವಾರ ಹಾಡಿದ್ದೇ ಅಲ್ವಾ" ಅಂದ. ಅದು ಬೇರೆ ಹಾಡು ಕಣ್ರೀ. ಆದ್ರೆ ಅವನು ಹೇಳಿದ್ದು ತಪ್ಪು ಅಂತ ನನಗೆ ಅನ್ನಿಸಲಿಲ್ಲ, ಯಾಕಂದ್ರೆ ಇಪ್ಪತ್ತೂ ಹಾಡು ಮಾಡ್ತಿದ್ದ ಕೆಲಸ ಒಂದೇ ಆಗಿತ್ತು, "ಬೆಳಕು ಒಳ್ಳೇದು" ಅಂತ ಇಪ್ಪತ್ತು ಸಲ ಹೇಳೋದು.

ಅವತ್ತಿಂದ ತಲೇಲಿ ಕೊರೀತಿರೋ ಪ್ರಶ್ನೆ ಇದು: ಆರಾಧನೆಯಲ್ಲಿ ಹಾಡು ಯಾರ ಮಾತು? ಪ್ರಸಂಗ (ಉಪದೇಶ) ಪಾಸ್ಟರ್ ಮಾತು, ವಾಚನ ವೇದದ (ಬೈಬಲಿನ) ಮಾತು. ಬೆಂಚಲ್ಲಿ ಕೂತಿರೋ ಜನಕ್ಕೆ ಬಾಯಿ ಬಿಡೋಕೆ ಸಿಗೋ ಜಾಗ ಹಾಡು ಒಂದೇ, ಜೊತೆಗೆ ಒಂದೆರಡು ಪ್ರಾರ್ಥನೆ. ಆ ಜಾಗದಲ್ಲೂ ಪ್ರಸಂಗದ ಹೆಡ್ಡಿಂಗನ್ನೇ ಅವರ ಬಾಯಲ್ಲಿ ಹೇಳಿಸಿದ್ರೆ ಅವರು ಉತ್ತರ ಕೊಡೋದು ಯಾವಾಗ? ಅದಕ್ಕೆ ನಾನೀಗ ವಿಷಯದ ಪದ ಹುಡುಕಲ್ಲ. ಈ ವಾಕ್ಯ ಕೇಳಿದ ಮೇಲೆ ಜನ ಏನು ಮಾಡ್ಬೇಕಾಗುತ್ತೆ ಅನ್ನೋ ಕ್ರಿಯಾಪದ ಹುಡುಕ್ತೀನಿ: ಅಳೋದಾ, ಕೇಳಿಕೊಳ್ಳೋದಾ, ಒಪ್ಕೊಳ್ಳೋದಾ, ನೆನಪು ಮಾಡ್ಕೊಳ್ಳೋದಾ, ಸುಮ್ನೆ ಕಾಯೋದಾ.

ಇದಕ್ಕೆ ನನಗೆ ಗೊತ್ತಿರೋ ಬೆಸ್ಟ್ ಉದಾಹರಣೆ ಎಲ್ಲರಿಗೂ ಗೊತ್ತಿರೋ ಹಾಡೇ, ಅಮೇಜಿಂಗ್ ಗ್ರೇಸ್. ಜಾನ್ ನ್ಯೂಟನ್ ಇಂಗ್ಲೆಂಡಿನ ಓಲ್ನಿ ಅನ್ನೋ ಊರಲ್ಲಿ ಪಾದ್ರಿಯಾಗಿದ್ದಾಗ 1772ರ ಕೊನೇಲಿ ಬರೆದಿದ್ದು, 1773ರ ಜನವರಿ 1ರ ಪ್ರಸಂಗದ ಜೊತೆಗೆ ಅಂತ. ಅವತ್ತಿನ ವಾಕ್ಯ 1 ಪೂರ್ವಕಾಲವೃತ್ತಾಂತ 17:16-17. ಅರಸ ದಾವೀದ ದೇವರ ಮುಂದೆ ಹೋಗಿ ಕೂತು, ನನ್ನನ್ನ ಇಲ್ಲೀತನಕ ತಂದಿದೀಯಲ್ಲ, ನಾನ್ಯಾರು ಅಂತ ಕೇಳ್ತಾನೆ, ಮುಂದಕ್ಕೂ ದೇವರು ಮಾತು ಕೊಟ್ಟಿರೋದನ್ನ ನೆನೀತಾನೆ. ಈಗ ಹಾಡನ್ನ ತೆಗೆದು ನೋಡಿ. ಅದರಲ್ಲಿ ದಾವೀದ ಇಲ್ಲ, ಪ್ರವಾದಿ ನಾತಾನ ಇಲ್ಲ, ದೇವಾಲಯ ಇಲ್ಲ, ಸಿಂಹಾಸನ ಇಲ್ಲ. ವಿಷಯಸೂಚಿಯಲ್ಲಿ "ದಾವೀದ" ಅಂತ ಹುಡುಕಿದ್ರೆ ಈ ಹಾಡು ಸಿಗೋದೇ ಇಲ್ಲ! ಆದ್ರೆ ದಾವೀದ ಕೂತು ಮಾಡಿದ ಕೆಲಸ ಪೂರ್ತಿ ಅದರಲ್ಲಿದೆ: ಹಿಂದೆ ಹೇಗಿದ್ದೆ, ಇಲ್ಲೀತನಕ ಯಾರು ತಂದ್ರು, ಮುಂದೆ ಯಾರ ಮಾತಿನ ಮೇಲೆ ಹೋಗ್ತೀನಿ. ಕೇಳಿದವರಿಗೆ ಹೊಸ ವರ್ಷದ ದಿನ ತಮ್ಮದೇ ಲೆಕ್ಕ ಒಪ್ಪಿಸೋಕೆ ನ್ಯೂಟನ್ ಒಂದು ಹಾಡು ಕೊಟ್ಟ. (ಈಗ ನಾವು ಹಾಡೋ ರಾಗ ಅವತ್ತು ಇರಲಿಲ್ಲ. ಆ ರಾಗ ಈ ಪದಗಳ ಜೊತೆ ಅಚ್ಚಾಗಿದ್ದು 1835ರಲ್ಲಿ, ಅಮೆರಿಕದ ವಿಲಿಯಂ ವಾಕರ್ ತಂದ ಹಾಡಿನ ಪುಸ್ತಕದಲ್ಲಿ. ರಾಗದ ವಿಷಯಕ್ಕೆ ಆಮೇಲೆ ಬರ್ತೀನಿ.)

ನ್ಯೂಟನ್ ಮತ್ತು ಅವನ ಗೆಳೆಯ ಕವಿ ವಿಲಿಯಂ ಕೂಪರ್ ಸೇರಿ 1779ರಲ್ಲಿ ತಂದ ಓಲ್ನಿ ಹಾಡುಗಳ ಪುಸ್ತಕದಲ್ಲಿ 348 ಹಾಡಿವೆ, ಮೂರು ಭಾಗ. ಮೊದಲನೇದು ಬೈಬಲ್ ವಾಕ್ಯಗಳ ಪ್ರಕಾರ ಜೋಡಿಸಿದ್ದು, ಎರಡನೇದು ಕಾಲ ಮತ್ತು ಸಂದರ್ಭದ ಪ್ರಕಾರ, ಮೂರನೇದು ನಂಬುವವನ ಮನಸ್ಸು ಏರೋದು ಇಳಿಯೋದು ಇದೆಯಲ್ಲ ಆ ಸ್ಥಿತಿಗಳ ಪ್ರಕಾರ. ನಾವು ಸರಣಿ ಪ್ಲಾನ್ ಮಾಡುವಾಗ ಒಂದನ್ನೂ ಎರಡನ್ನೂ ನೋಡ್ತೀವಿ, ಯಾವ ಅಧ್ಯಾಯ, ಯಾವ ಹಬ್ಬ. ಮೂರನೇ ಕಪಾಟು ತೆಗೆಯೋದೇ ಇಲ್ಲ. ನನ್ನ ಪ್ರಕಾರ ಅರ್ಧ ಹಾಡು ಆ ಕಪಾಟಿಂದಲೇ ಬರಬೇಕು.

ಸರಿ, ಬರೀ ಥಿಯರಿ ಸಾಕು. ಒಂದು ಸರಣಿ ತಗೊಂಡು ಕೆಲಸ ಮಾಡೋಣ. ಆರು ವಾರ, ವಿಷಯ "ಅರಣ್ಯದ ದಾರಿ", ಇಸ್ರಾಯೇಲ್ಯರು ಕೆಂಪು ಸಮುದ್ರದಿಂದ ಯೊರ್ದನ್ ತನಕ ನಡೆದಿದ್ದು. ಲೆಂಟ್ ಕಾಲಕ್ಕೆ (ಈಸ್ಟರ್ ಮುಂಚಿನ ಉಪವಾಸದ ಕಾಲ) ಹೇಳಿ ಮಾಡಿಸಿದ ಹಾಗಿದೆ, ಅದರಲ್ಲಿ ಭಾನುವಾರಗಳೂ ಆರೇ (ನಲವತ್ತು ದಿನದ ಲೆಕ್ಕಕ್ಕೆ ಭಾನುವಾರ ಸೇರಲ್ಲ, ಅದು ಬೇರೆ ಮಾತು). ಈ ಕಥೆಯನ್ನ ನಾನು ಬೇಕಂತಲೇ ಆರಿಸಿದೀನಿ, ಯಾಕಂದ್ರೆ ಹಾಡು ಏನು ಮಾಡುತ್ತೆ ಅನ್ನೋದು ಈ ಕಥೆ ಒಳಗೇ ಇದೆ.

ಮೊದಲ ವಾರ, ವಿಮೋಚನಕಾಂಡ 15. ಸಮುದ್ರ ದಾಟಿದ್ರು, ಮೋಶೆ ಹಾಡ್ತಾನೆ, ಮಿರ್ಯಾಮ ದಮ್ಮಡಿ ತಗೊಂಡು ಹೆಂಗಸರನ್ನ ಕರ್ಕೊಂಡು ಕುಣೀತಾಳೆ. ಇಲ್ಲಿ ಗಟ್ಟಿ ಹಾಡು, ಡ್ರಮ್ಸು, ಎಲ್ಲ ಸರಿ. ಹೆಚ್ಚು ತಲೆ ಕೆಡಿಸ್ಕೊಳ್ಳೋದು ಬೇಡ, ನಮ್ಮ ಹತ್ರ ಇರೋ ಹಾಡಲ್ಲಿ ಮುಕ್ಕಾಲು ಪಾಲು ಈ ವಾರಕ್ಕೇ ಆಗುತ್ತೆ. ಒಂದು ಮಾತು ಮಾತ್ರ: "ಆರಾಧನೆಯಲ್ಲಿ ನಾನು ನಾನು ಅನ್ನೋ ಹಾಡು ಬೇಡ, ನಾವು ಅನ್ನೋದು ಬೇಕು" ಅಂತ ವಾದ ಮಾಡೋರು ಇರ್ತಾರೆ, ನಾನೂ ಮಾಡ್ತಿದ್ದೆ. ಆದ್ರೆ ಇಲ್ಲಿ ಅಷ್ಟು ದೊಡ್ಡ ಗುಂಪು ನಿಂತು ಹಾಡೋ ಹಾಡು ಶುರು ಆಗೋದೇ "ನಾನು ಹಾಡುವೆನು" ಅಂತ. ಹಾಗಾಗಿ ಆ ರೂಲ್ ಕೈಬಿಟ್ಟೆ. ಒಂದೇ ಆರಾಧನೆಯ ಐದೂ ಹಾಡು "ನಾನು" ಆದ್ರೆ ಮಾತ್ರ ಒಂದನ್ನ ಬದಲಾಯಿಸ್ತೀನಿ.

ಎರಡನೇ ವಾರ ಮಾರಾ ಅನ್ನೋ ಜಾಗ. ಹಾಡು ಮುಗಿದು ಎಷ್ಟು ದಿನ ಆಯ್ತು? ಮೂರು. ಮೂರೇ ದಿನ ನೀರಿಲ್ಲದೆ ನಡೆದ್ರು, ಸಿಕ್ಕ ನೀರು ಕಹಿ, ಗೊಣಗೋಕೆ ಶುರು. ಅದೇ ಅಧ್ಯಾಯ, ಅದೇ ಬಾಯಿ. ನಮ್ಮ ಟೀಮ್‌ಗಳು ತಡವರಿಸೋದು ಈ ವಾರದಲ್ಲೇ. ಕಹಿ ನೀರಿನ ವಾರಕ್ಕೆ ಏನು ಹಾಡಿಸ್ತೀರಿ ಅಂತ ಕೇಳಿದ್ರೆ "ಜೀವಜಲ" ಅಂತಿರೋ ಹಾಡು ತೋರಿಸ್ತಾರೆ, ಪದ ಹೊಂದಿತು ನೋಡಿ, ನೀರು ಅಂತಿದೆ! ಆದ್ರೆ ಜನ ಇನ್ನೂ ಬಾಯಾರಿಕೇಲಿ ಇದ್ದಾರೆ. ಕುಡಿಯೋ ಮುಂಚೆ ತೇಗೋ ಹಾಡು ಹಾಡಿಸಿದ ಹಾಗಾಯ್ತು. ಇಲ್ಲಿ ಬೇಕಿರೋದು ಅಳಲು. ಬೈಬಲಿನ ಕೀರ್ತನೆಗಳಲ್ಲಿ ಹೆಚ್ಚು ಕಡಿಮೆ ಮೂರನೇ ಒಂದು ಭಾಗ ಅಳಲಿನ ಕೀರ್ತನೆಗಳೇ. 13ನೇ ಕೀರ್ತನೆ ಆರೇ ವಚನ, ಅದರ ಮೊದಲ ಎರಡು ವಚನದಲ್ಲಿ "ಎಷ್ಟು ದಿನ" ಅನ್ನೋ ಪ್ರಶ್ನೆ ನಾಲ್ಕು ಸಲ ಬರುತ್ತೆ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ನಿಂತುಬಿಡುತ್ತೆ, ಕೊನೇಲಿ ಸಮಾಧಾನದ ಸಾಲೇ ಇಲ್ಲ. ಇಷ್ಟೆಲ್ಲ ನಮ್ಮ ವೇದದಲ್ಲೇ ಇರುವಾಗ ಹಾಡಿನ ಲಿಸ್ಟಲ್ಲಿ ಯಾಕಿಲ್ಲ? ರಾಗ ಸಿಗಲಿಲ್ಲ ಅಂದ್ರೆ ಕೀರ್ತನೆಯನ್ನ ಒಬ್ಬರು ಓದಲಿ, ಪ್ರತಿ ಎರಡು ವಚನಕ್ಕೆ ಸಭೆ ಒಂದೇ ಸಾಲು ಹಾಡಲಿ, ಮೂರು ಸ್ವರದ ಸಾಲಾದ್ರೂ ಸಾಕು. ಆಮೇಲೆ ತಕ್ಷಣ ಖುಷಿ ಹಾಡಿಗೆ ಹಾರಬೇಡಿ ದಯವಿಟ್ಟು. ಆ ವಾರ ಮನೇಲಿ ಸಾವಾದವರು, ರಿಪೋರ್ಟ್‌ಗೆ ಕಾಯ್ತಿರೋರು ನಿಮ್ಮ ಸಭೇಲಿ ಇರ್ತಾರೆ. ಅವರಿಗೆ ವರ್ಷಕ್ಕೆ ಒಂದು ಸಲ ಸಿಗೋ ಹಾಡು ಇದು.

ಮೂರನೇ ವಾರ ಮನ್ನ, ಅರಣ್ಯದಲ್ಲಿ ದೇವರು ಅವರಿಗೆ ಕೊಟ್ಟ ಆಹಾರ. ಇಲ್ಲೂ "ರೊಟ್ಟಿ" ಅಂತ ಹುಡುಕೋ ಆಸೆ ಆಗುತ್ತೆ, ಕರ್ತನ ಭೋಜನ ಇರೋ ಭಾನುವಾರ ಆದ್ರೆ ಅದು ಸರಿಯೂ ಹೌದು, ಯೋಹಾನ 6ರಲ್ಲಿ ಯೇಸುವೇ ಮನ್ನದಿಂದ ಮಾತು ಎತ್ತಿಕೊಂಡು ತಾನೇ ಜೀವದ ರೊಟ್ಟಿ ಅಂತಾನೆ. ಆದ್ರೆ ವಿಮೋಚನಕಾಂಡ 16ನ್ನ ನಿಧಾನಕ್ಕೆ ಓದಿ, ಅಲ್ಲಿ ಒತ್ತು ಬೀಳೋದು ಊಟದ ಮೇಲಿಗಿಂತ "ಪ್ರತಿ ಬೆಳಿಗ್ಗೆ" ಅನ್ನೋದರ ಮೇಲೆ. ನಾಳೆಗೆ ಅಂತ ಎತ್ತಿಟ್ಟಿದ್ದು ಹುಳ ಬೀಳುತ್ತೆ, ಆರನೇ ದಿನದ್ದು ಬಿಟ್ಟು. ಹಾಗಾದ್ರೆ ಹಾಡು ಯಾವುದು? ಥಾಮಸ್ ಚಿಸಮ್ ಬರೆದು 1923ರಲ್ಲಿ ಬಂದ ಗ್ರೇಟ್ ಈಸ್ ದೈ ಫೇತ್‌ಫುಲ್‌ನೆಸ್, ಪ್ರಲಾಪಗಳು 3:22-23ರ ಮೇಲೆ ಕಟ್ಟಿದ್ದು. ಮನ್ನ ಅನ್ನೋ ಮಾತೇ ಅದರಲ್ಲಿಲ್ಲ, ಆದ್ರೆ ಬೆಳಿಗ್ಗೆ ಬೆಳಿಗ್ಗೆ ಹೊಸದಾಗಿ ಸಿಗೋ ಕರುಣೆ ಇದೆ. ಪ್ರಸಂಗ ಕೇಳಿದ ಮೇಲೆ ಹಾಡಿದ್ರೆ ಜನಕ್ಕೆ ತಾವೇ ಮನ್ನ ಕಾಣುತ್ತೆ. ಹೀಗೆ ಅವರೇ ಕಂಡುಕೊಳ್ಳೋಕೆ ಒಂದು ಗೇಣು ಜಾಗ ಬಿಟ್ರೆ ಹಾಡು ಉಳಿಯುತ್ತೆ, ನಾವೇ ಎಲ್ಲ ತುಂಬಿಕೊಟ್ರೆ ಬಾಗಿಲು ದಾಟೋಷ್ಟರಲ್ಲಿ ಮರೆತುಹೋಗುತ್ತೆ.

ನಾಲ್ಕನೇ ವಾರ ಮಸ್ಸಾ ಮೆರೀಬಾ ಅನ್ನೋ ಜಾಗ, ಬಂಡೆಯಿಂದ ನೀರು, ವಿಮೋಚನಕಾಂಡ 17. ಮೂರು ವರ್ಷದ ವಾಚನ ಪಟ್ಟಿ ಪಾಲಿಸೋ ಸಭೆಗಳಿಗೆ ಇದು ಗೊತ್ತಿರೋದೇ, ಆ ಮೂರರಲ್ಲಿ ಮೊದಲನೇದಾದ ಎ ವರ್ಷದ ಲೆಂಟ್ ಮೂರನೇ ಭಾನುವಾರ ಈ ಭಾಗದ ಜೊತೆ 95ನೇ ಕೀರ್ತನೆ ಇಟ್ಟಿದ್ದಾರೆ. ಈ ಕೀರ್ತನೆ ವಿಚಿತ್ರ ಕಣ್ರೀ. ಬನ್ನಿ ಹಾಡೋಣ ಅಂತ ಶುರು, ಬನ್ನಿ ಅಡ್ಡ ಬೀಳೋಣ ಅಂತ ಮುಂದೆ ಹೋಗುತ್ತೆ, ಏಳನೇ ವಚನದ ಮಧ್ಯದಲ್ಲಿ ದನಿಯೇ ಬದಲಾಗಿ ಮೆರೀಬಾದಲ್ಲಿ ಮಾಡಿದ ಹಾಗೆ ಮನಸ್ಸು ಕಲ್ಲು ಮಾಡ್ಕೋಬೇಡಿ ಅಂತ ಬೈದು, ನನ್ನ ವಿಶ್ರಾಂತಿಗೆ ಸೇರಲ್ಲ ಅನ್ನೋದರಲ್ಲಿ ಮುಗಿದುಹೋಗುತ್ತೆ. ಎಷ್ಟೋ ಹಾಡುಗಳು, ಎಷ್ಟೋ ಆರಾಧನಾ ಕ್ರಮಗಳು ಏಳನೇ ವಚನಕ್ಕೇ ನಿಲ್ಲಿಸಿಬಿಡ್ತಾವೆ, ಕಹಿ ಭಾಗ ಕಟ್. ಈ ಒಂದು ವಾರ ಕಟ್ ಮಾಡಬೇಡಿ. ಮೊದಲರ್ಧ ಆರಾಧನೆ ಶುರುವಲ್ಲಿ ಹಾಡಿಸಿ, ಉಳಿದರ್ಧ ಪ್ರಸಂಗದ ಹತ್ತಿರ ವಾದ್ಯ ಇಲ್ಲದೆ ಓದಿಸಿ. ಬೆಳಿಗ್ಗೆ ತಾವೇ ಬನ್ನಿ ಹಾಡೋಣ ಅಂದ ಕೀರ್ತನೆ ತಿರುಗಿ ನೋಡ್ತಿದೆ ಅಂತ ಜನಕ್ಕೆ ಗೊತ್ತಾಗುತ್ತೆ.

ಐದನೇ ವಾರ ಬಂಗಾರದ ಹೋರಿಕರು, ಮೋಶೆ ಬೆಟ್ಟದ ಮೇಲಿದ್ದಾಗ ಜನ ಮಾಡ್ಕೊಂಡ ವಿಗ್ರಹ. ಹಾಡು ಆರಿಸೋ ನಮ್ಮಂಥವರು ಗೋಡೆಗೆ ಅಂಟಿಸ್ಕೊಳ್ಳಬೇಕಾದ ವಚನ ಇಲ್ಲಿದೆ, ವಿಮೋಚನಕಾಂಡ 32:17-18. ಮೋಶೆ, ಯೆಹೋಶುವ ಬೆಟ್ಟ ಇಳೀತಿದ್ದಾರೆ, ಕೆಳಗಿಂದ ಗದ್ದಲ ಕೇಳುತ್ತೆ. ಯೆಹೋಶುವ ಪಾಳೆಯದಲ್ಲಿ ಯುದ್ಧ ಅಂತಾನೆ. ಮೋಶೆ ಹೇಳ್ತಾನೆ, ಗೆದ್ದವರ ಕೂಗೂ ಅಲ್ಲ, ಸೋತವರ ಕೂಗೂ ಅಲ್ಲ, ನನಗೆ ಕೇಳ್ತಿರೋದು ಹಾಡೋ ಸದ್ದು ಅಂತ. ಸಮುದ್ರದ ದಡದಲ್ಲಿ ಹಾಡಿದ ಅದೇ ಜನ, ದೂರದಿಂದ ಕೇಳಿದ್ರೆ ಚೆನ್ನಾಗೇ ಹಾಡ್ತಿರಬೇಕು! ಸಂತ ಅಗಸ್ಟೀನ್‌ಗೆ ಈ ಭಯ ಇತ್ತು, ಹಾಡ್ತಿರೋ ವಿಷಯಕ್ಕಿಂತ ಹಾಡಿನ ಇಂಪೇ ನನ್ನನ್ನ ಹೆಚ್ಚು ಅಲ್ಲಾಡಿಸಿದ್ರೆ ಅದು ಪಾಪ ಅಂತ ಒಪ್ಕೊಂಡು ಬರೆದಿದ್ದಾನೆ, ಹಾಗಂತ ಹಾಡೇ ಬೇಡ ಅನ್ನೋಕೂ ಅವನಿಗೆ ಮನಸ್ಸು ಬರಲಿಲ್ಲ. ಈ ವಾರ ನಾನು ಹಾಡು ಕಡಿಮೆ ಮಾಡ್ತೀನಿ, ಐದರ ಬದಲು ಮೂರು. ಶುರುವಿನ ಭರ್ಜರಿ ಸೆಟ್ ಇಲ್ಲ. ಪಾಪ ಅರಿಕೆಯ ಹಾಡಿಗೆ ಬರೀ ದನಿ. ಪ್ರಸಂಗದ ನಂತರ ಯಾವುದು ಅಂತ ಗೊತ್ತಾಗದಿದ್ರೆ ಕಥೆಯನ್ನ ಇನ್ನೆರಡು ಅಧ್ಯಾಯ ಮುಂದೆ ಓದಿ, 34:6ರಲ್ಲಿ ದೇವರು ತಾನ್ಯಾರು ಅಂತ ಹೇಳ್ತಾನೆ, ಕನಿಕರ ದಯೆ ಉಳ್ಳವನು, ಬೇಗ ಸಿಟ್ಟಾಗದವನು. ಅದೇ ಮಾತು 103ನೇ ಕೀರ್ತನೆಯ ಎಂಟನೇ ವಚನದಲ್ಲಿ ಹಾಡಾಗಿ ಬರುತ್ತೆ. 103ರ ಮೇಲೆ ಕಟ್ಟಿದ ಹಾಡು ಪ್ರತಿಯೊಂದು ಸಭೆಗೂ ಒಂದಾದ್ರೂ ಗೊತ್ತಿರುತ್ತೆ. ಅದನ್ನ ನಾವು ಬರೀ ಸ್ತುತಿ ಹಾಡು ಅಂತ ಮೊದಲ ಸ್ಲಾಟಿಗೆ ಹಾಕ್ತಿದ್ವಿ, ಇಲ್ಲಿ ಹೋರಿಕರುವಿನ ಕಥೆ ಆದ ಮೇಲೆ ಹಾಡಿ ನೋಡಿ, ಬೇರೆಯದೇ ಹಾಡು ಅನ್ನಿಸುತ್ತೆ.

ಆರನೇ ವಾರ ಯೊರ್ದನ್ ದಡ. ಧರ್ಮೋಪದೇಶಕಾಂಡ 31ರಲ್ಲಿ ಮೋಶೆ ಸಾಯೋ ಹೊತ್ತಿಗೆ ದೇವರು ಅವನಿಗೆ, ಒಂದು ಹಾಡು ಬರೆದು ಇವರಿಗೆ ಕಲಿಸು, ಬಾಯಿಪಾಠ ಮಾಡಿಸು, ಮುಂದೆ ಇವರು ದಾರಿ ತಪ್ಪಿದಾಗ ಈ ಹಾಡೇ ಸಾಕ್ಷಿ ಹೇಳುತ್ತೆ ಅಂತಾನೆ. ಅಂದ್ರೆ ಈ ಪ್ರಯಾಣ ಶುರುವಾಗೋದೂ ಹಾಡಿಂದ, ಮುಗಿಯೋದೂ ಹಾಡಿಂದ, ಆದ್ರೆ ಮೊದಲನೇದು ಅವರು ದೇವರಿಗೆ ಹಾಡಿದ್ದು, ಕೊನೇದು ದೇವರು ಅವರ ಬಾಯಿಗೆ ಹಾಕಿದ್ದು.

ಇಲ್ಲಿಗೆ ಸರಣಿಯ ಮುಖ್ಯ ಗುಟ್ಟಿಗೆ ಬಂದೆ, ಮರಳಿ ಬರೋ ಹಾಡು. ಆರು ವಾರವೂ ಒಂದು ಹಾಡು ಇರಲೇಬೇಕು, ಒಂದೇ ಜಾಗದಲ್ಲಿ. ಈ ಸರಣಿಗೆ ನಾನು ಆರಿಸಿದ್ದು ವೇಲ್ಸ್‌ನ ವಿಲಿಯಂ ವಿಲಿಯಮ್ಸ್ 18ನೇ ಶತಮಾನದಲ್ಲಿ ವೆಲ್ಷ್ ಭಾಷೇಲಿ ಬರೆದ ಹಾಡು, ಇಂಗ್ಲಿಷಲ್ಲಿ ಗೈಡ್ ಮಿ ಓ ದೌ ಗ್ರೇಟ್ ಜೆಹೋವಾ. ಈಗ ಹೆಚ್ಚಾಗಿ ಹಾಡೋ ಕುಂ ರೊಂಡ ರಾಗ ಜಾನ್ ಹ್ಯೂಸ್ ಮಾಡಿದ್ದು, 1907ರಲ್ಲಿ. ಮೂರೇ ಚರಣ, ಆದ್ರೆ ಪೂರ್ತಿ ಅರಣ್ಯದ ದಾರಿ ಅದರಲ್ಲಿದೆ: ಮೊದಲನೇದರಲ್ಲಿ ಒಣನೆಲ ಮತ್ತು ಪರಲೋಕದ ರೊಟ್ಟಿ, ಎರಡನೇದರಲ್ಲಿ ನೀರಿನ ಊಟೆ, ಬೆಂಕಿಯ ಕಂಬ ಮೇಘದ ಕಂಬ, ಮೂರನೇದರಲ್ಲಿ ಯೊರ್ದನ್ ಅಂಚು. ಮೂರನ್ನೂ ಮೊದಲ ವಾರವೇ ಹಾಡಿ ಮುಗಿಸಬೇಡಿ. ಮೊದಲ ಮೂರು ವಾರ ಒಂದೇ ಚರಣ. ನಾಲ್ಕನೇ ವಾರ ಬಂಡೆ ಒಡೆದಾಗ ಎರಡನೇದು ಸೇರಲಿ. ಮೂರನೇದು ಆರನೇ ವಾರದ ತನಕ ಕಾಯಲಿ. ಜನ "ಇನ್ನೊಂದು ಚರಣ ಇದೆಯಲ್ಲ, ಯಾಕೆ ಬಿಟ್ರಿ" ಅಂತ ಬಂದು ಕೇಳ್ತಾರೆ, ಕೇಳಲಿ ಬಿಡಿ, ನಲವತ್ತು ವರ್ಷ ಕಾದವರ ಕಥೆ ತಾನೇ ಹೇಳ್ತಿರೋದು. (ಲೆಂಟಲ್ಲಿ ಹಲ್ಲೆಲೂಯಾ ಹಾಡದೇ ಈಸ್ಟರ್ ತನಕ ಎತ್ತಿಡೋ ಸಭೆಗಳಿಗೆ ಈ ರುಚಿ ಆಗಲೇ ಗೊತ್ತು.)

ಹೊಸ ಹಾಡು ಎಷ್ಟು? ಆರು ವಾರಕ್ಕೆ ಒಂದು. ಹೆಚ್ಚಂದ್ರೆ ಎರಡು. ಟೀಮ್‌ನವರು ಆ ಹಾಡನ್ನ ಪ್ರಾಕ್ಟೀಸಲ್ಲಿ ಮೂವತ್ತು ಸಲ ಕೇಳಿರ್ತಾರೆ, ಸಭೆ ಒಂದೇ ಸಲ ಕೇಳಿರುತ್ತೆ, ಈ ಲೆಕ್ಕ ನಮಗೆ ಯಾವಾಗಲೂ ಮರೆತುಹೋಗುತ್ತೆ. ನಮಗೆ ಬೋರ್ ಆಗೋ ಹೊತ್ತಿಗೆ ಅವರು ಕಲಿಯೋದು ಶುರು.

ರಾಗದ ಬಗ್ಗೆ ಎರಡು ಮಾತು. ಪುಸ್ತಕದ ಹಿಂದೆ 8.6.8.6, 8.8.8.8 ಅಂತ ನಂಬರ್ ಇರೋದು ಸಾಲಿಗೆ ಎಷ್ಟು ಉಚ್ಚಾರದ ತುಣುಕು (ಸಿಲೆಬಲ್) ಅನ್ನೋ ಲೆಕ್ಕ. ನಂಬರ್ ಹೊಂದಿದ್ರೆ ಒಂದರ ಪದ ಇನ್ನೊಂದರ ರಾಗಕ್ಕೆ ಕೂರುತ್ತೆ, ಗೊತ್ತಿಲ್ಲದ ಹಳೇ ಹಾಡನ್ನ ಗೊತ್ತಿರೋ ರಾಗದಲ್ಲಿ ಹಾಡಿಸೋಕೆ ಇದು ತುಂಬಾ ಅನುಕೂಲ, ಅಮೇಜಿಂಗ್ ಗ್ರೇಸ್ ಕೂಡ 8.6.8.6, ಹಾಗೇ ತಾನೇ ಅದಕ್ಕೆ ರಾಗ ಸಿಕ್ಕಿದ್ದು. ಆದ್ರೆ ಲೆಕ್ಕ ಹೊಂದಿದ ಮಾತ್ರಕ್ಕೆ ಒತ್ತು ಹೊಂದಲ್ಲ, ಅನುವಾದದ ಹಾಡಲ್ಲಂತೂ ದೇವರ ಹೆಸರಿನ ಕೊನೇ ಅಕ್ಷರಕ್ಕೆ ರಾಗದ ತುತ್ತತುದಿ ಬಂದು ಕೂತಿರುತ್ತೆ. ಒಬ್ಬರೇ ರೂಮಲ್ಲಿ ಗಟ್ಟಿಯಾಗಿ ಹಾಡಿ ನೋಡದೆ ಲಿಸ್ಟಿಗೆ ಹಾಕಬೇಡಿ. ಇನ್ನೊಂದು, ಶ್ರುತಿ. ರೆಕಾರ್ಡಿಂಗಲ್ಲಿ ಹಾಡೋರು ತಮ್ಮ ಗಂಟಲಿಗೆ ಶ್ರುತಿ ಇಟ್ಕೊಂಡಿರ್ತಾರೆ. ಬೆಳಿಗ್ಗೆ ಎದ್ದು ಬಂದ ಸಭೆಗೆ ಸಿ ಯಿಂದ ಮೇಲಿನ ಡಿ ತನಕ ಆರಾಮ, ಅದರ ಮೇಲೆ ಹೋದ್ರೆ ಗಂಡಸರು ಒಬ್ಬೊಬ್ಬರೇ ಬಾಯಿ ಮುಚ್ತಾರೆ. ಎರಡು ಮೂರು ಸ್ವರಸ್ಥಾನ ಇಳಿಸಿ, ಗಿಟಾರ್‌ನವರು ಕ್ಯಾಪೊ (ಶ್ರುತಿ ಬದಲಿಸೋಕೆ ತಂತಿ ಮೇಲೆ ಹಾಕೋ ಕ್ಲಿಪ್) ಅಂತ ಗೊಣಗಿದ್ರೂ ಪರವಾಗಿಲ್ಲ.

ಕಾಪಿರೈಟ್ ವಿಷಯ ಚಿಕ್ಕದಾಗಿ ಹೇಳಿಬಿಡ್ತೀನಿ: ಹಳೇ ಹಾಡಿನ ಪದ ಮುಕ್ತ ಇದ್ರೂ ಅದರ ಹೊಸ ಅನುವಾದ, ಹೊಸ ಅರೇಂಜ್‌ಮೆಂಟ್ ಮುಕ್ತ ಇರಬೇಕಂತಿಲ್ಲ. ಪರದೆ ಮೇಲೆ ಸಾಹಿತ್ಯ ಹಾಕೋಕೆ ಒಂದು ಅನುಮತಿ, ಲೈವ್ ಸ್ಟ್ರೀಮಿಗೆ ಬೇರೆ ಅನುಮತಿ ಬೇಕಾಗಬಹುದು. ಸರಣಿ ಶುರು ಆಗೋ ಮುಂಚೆ ಆರೂ ವಾರದ್ದನ್ನ ಒಟ್ಟಿಗೆ ಚೆಕ್ ಮಾಡ್ಕೊಳ್ಳಿ.

ಕೊನೇಲಿ ಪ್ರಶ್ನೆ ಕೇಳಿ ಅಂದಾಗ ಹಿಂದಿನ ಸಾಲಿಂದ ಒಬ್ಬರು ಎದ್ದು "ಸರಣಿ ಗಿರಣಿ ಎಲ್ಲ ಸರಿ, ನಮ್ಮ ಪಾಸ್ಟರ್ ಶನಿವಾರ ರಾತ್ರಿ ತನಕ ಪ್ರಸಂಗ ಏನು ಅಂತಾನೇ ಹೇಳಲ್ಲ, ಏನು ಮಾಡೋದು" ಅಂದ್ರು. ಎಲ್ಲರೂ ನಕ್ಕಿದ್ದು ನೋಡಿದ್ರೆ ಸುಮಾರು ಜನದ ಕಥೆ ಅದೇ ಇರಬೇಕು. ನಾನು ಹೇಳಿದ್ದು: ಪ್ರಸಂಗ ಕೇಳಬೇಡಿ, ಎರಡೇ ಕೇಳಿ, ಯಾವ ವಾಕ್ಯ ಭಾಗ, ಮತ್ತೆ ಪ್ರಸಂಗ ಮುಗಿದಾಗ ಜನ ಏನು ಮಾಡಬೇಕು ಅಂತ ನಿಮಗೆ ಆಸೆ. ಎರಡನೇದಕ್ಕೆ ಅವರ ಹತ್ರನೂ ಉತ್ತರ ಇಲ್ಲದೇ ಇರಬಹುದು, ಆದ್ರೆ ಕೇಳಿದ ಮೇಲೆ ಅವರೂ ಯೋಚನೆ ಮಾಡ್ತಾರೆ. ಅದೂ ಸಿಗಲಿಲ್ಲ ಅಂದ್ರೆ ಪ್ರಸಂಗದ ನಂತರದ ಜಾಗಕ್ಕೆ ಎರಡು ಹಾಡು ಪ್ರಾಕ್ಟೀಸ್ ಮಾಡಿಟ್ಕೊಳ್ಳಿ, ಒಂದು ಒಪ್ಪಿಸಿಕೊಡೋದು, ಒಂದು ಅಳೋದು, ಎರಡೂ ಒಂದೇ ಶ್ರುತಿಯಲ್ಲಿ ಇರಲಿ. ಪ್ರಸಂಗದ ಕೊನೇ ಐದು ನಿಮಿಷ ಕೀಬೋರ್ಡ್‌ನವರು ನಿಮ್ಮ ಮುಖ ನೋಡ್ತಿರಲಿ, ಬೆರಳಲ್ಲಿ ಒಂದು ಅಂತಲೋ ಎರಡು ಅಂತಲೋ ತೋರಿಸಿ.

"ಮೂರು ತೋರಿಸಿದ್ರೆ?" ಅಂದ್ರು. ಮೂರು ಅಂದ್ರೆ ಹಾಡು ಬೇಡ, ಒಂದು ನಿಮಿಷ ಸುಮ್ನೆ ಕೂರೋದು.